ಮುಳ್ಳು ನೂರು ಮುಟ್ಟಿದ ಬೆಳಗು

ಪಾಂಡವಪುರದಿಂದ ನಾಗಮಂಗಲದವರೆಗೆ ಯಾವ ಹೋಟೆಲಿನ ಮುಂದೆ ಬೇಕಾದರೂ ಬೆಳಗಿನ ಹೊತ್ತು ಕೂತು ನೋಡಬಹುದು. ಐವತ್ತು ದಾಟಿದ ನಾಲ್ಕು ಜನ ಟೀ ಕುಡಿಯುತ್ತಿರುತ್ತಾರೆ. ರಸ್ತೆಯಲ್ಲಿ ಹುಡುಗನೊಬ್ಬ ಬೈಕನ್ನು ಬಿರುಗಾಳಿಯಂತೆ ಓಡಿಸಿಕೊಂಡು ಹೋದರೆ ಮೊದಲು ಬೈಗುಳ ಬರುತ್ತದೆ: "ಯಾರ ಮಗನ್ಲಾ ಅವ್ನು, ಮನೆ ಸೇರೋ ಆಸೆ ಇಲ್ವಾ?" ಬೈಗುಳದ ಬಿಸಿ ಆರುವುದರೊಳಗೆ ಅವರಲ್ಲೇ ಒಬ್ಬರು ಲೋಟ ಕೆಳಗಿಟ್ಟು, "ನಾನು ಮೊದಲ್ನೇ ಸಲ ನೂರು ಮುಟ್ಟಿಸ್ದಾಗ..." ಎಂದು ಶುರು ಮಾಡುತ್ತಾರೆ. ಕಬ್ಬಿನ ಬಾಕಿ, ನಾಲೆಯ ನೀರು, ಪಂಚಾಯ್ತಿ ಚುನಾವಣೆ ಎಲ್ಲ ಪಕ್ಕಕ್ಕೆ ಸರಿಯುತ್ತವೆ.

ಈ ಕಥೆಗಳಿಗೆಲ್ಲ ಒಂದೇ ಅಚ್ಚು. ಗಾಡಿ ಹೇಳುವವರ ಸ್ವಂತದ್ದಾಗಿರುವುದಿಲ್ಲ. ಸೋದರಮಾವನದೋ, ಭಾವನದೋ, ಊರಿಗೆ ವರ್ಗವಾಗಿ ಬಂದ ಮೇಷ್ಟ್ರದೋ ಆಗಿರುತ್ತದೆ. ಹೊತ್ತು ಇನ್ನೂ ಸರಿಯಾಗಿ ಬೆಳಕು ಹರಿಯದ ಬೆಳಗು. ಯಾವ ತಿಂಗಳು, ಯಾವ ವರ್ಷ ಎಂಬುದು ಮರೆತಿರಬಹುದು, ರಸ್ತೆಯ ತುಂಡು ಮಾತ್ರ ಕರಾರುವಾಕ್ಕಾಗಿ ನೆನಪಿದೆ: ಚಿನಕುರಳಿ ದಾಟಿದ ಮೇಲಿನದು, ಕಿಕ್ಕೇರಿಗೆ ಮುಂಚಿನದು, ಬೆಳ್ಳೂರು ಕ್ರಾಸಿನ ಈಚೆಯದು. ಇನ್ನೊಂದು ವಿಶೇಷವೆಂದರೆ ಕಥೆ ನೂರರಲ್ಲಿ ಮುಗಿಯುವುದಿಲ್ಲ. ಗಾಡಿ ನಿಂತ ಜಾಗದಲ್ಲಿ ಮುಗಿಯುತ್ತದೆ. "ಆ ಹುಣಿಸೇಮರ ಇತ್ತಲ್ಲ, ಅದರ ಬುಡದಲ್ಲಿ ನಿಂತೆ. ಕೈ ನಡುಗ್ತಿತ್ತು." ನೂರರಲ್ಲಿ ಎಷ್ಟು ಹೊತ್ತು ಇದ್ದಿರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ನಿಂತ ಮರವನ್ನು ಮಾತ್ರ ಬೆರಳು ಚಾಚಿ ತೋರಿಸುತ್ತಾರೆ.

ಈ ಸೀಮೆಗೆ ವೇಗ ಬಂದದ್ದು ಮೈಸೂರಿನ ಕಡೆಯಿಂದ. ಶ್ರೀರಂಗಪಟ್ಟಣಕ್ಕೆ ಮೈಸೂರು ಹದಿನೈದು ಕಿಲೋಮೀಟರ್ ಅಷ್ಟೆ. ಅಲ್ಲಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್‌ಸೈಕಲ್ ತಯಾರಿಸಲು ಆರಂಭಿಸಿತು. ಜಯಚಾಮರಾಜ ಒಡೆಯರ ಬೆಂಬಲವೂ ಅದಕ್ಕಿತ್ತು. ಗಾಡಿಯ ಮೂಲ ಜೆಕೊಸ್ಲೊವಾಕಿಯಾ. 1929ರಲ್ಲಿ ಯಾನೆಚೆಕ್ ಎಂಬ ಎಂಜಿನಿಯರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. 1970ರ ದಶಕದಲ್ಲಿ ಮೈಸೂರಿನ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. ಹೆಸರು ಬದಲಾದರೂ 248.5 ಸಿಸಿಯ ಟು-ಸ್ಟ್ರೋಕ್ ಎಂಜಿನ್ನು, ಎರಡು ಬದಿಯ ಎರಡು ಸೈಲೆನ್ಸರು, ಹಿಂದೆ ಬಿಡುವ ನೀಲಿ ಹೊಗೆ ಅವೇ ಉಳಿದವು. 1996ರಲ್ಲಿ ಕಾರ್ಖಾನೆ ನಿಂತಿತು. ಆ ಮೂವತ್ತೈದು ವರ್ಷ ಮಂಡ್ಯ ಸೀಮೆಯ ಹುಡುಗರಿಗೆ ಮೋಟಾರ್‌ಸೈಕಲ್ ಎಂದರೆ ಪಕ್ಕದ ಊರಿನಲ್ಲಿ ಹುಟ್ಟುವ ವಸ್ತುವಾಗಿತ್ತು.

ಜಾವಾ ಗಾಡಿಯನ್ನು ಹತ್ತಿರದಿಂದ ನೋಡಿದವರು ಮೊದಲು ಹೇಳುವುದು ಅದರ ಎಡಗಡೆಯ ಲಿವರಿನ ವಿಷಯ. ಕಿಕ್ಕರ್ ಬೇರೆ, ಗೇರ್ ಬೇರೆ ಎಂಬುದು ಅದರಲ್ಲಿಲ್ಲ. ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಕಿಕ್ಕರ್ ಆಗುತ್ತದೆ. ಒದ್ದು, ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ತಂದು ಕೂರಿಸಿದರೆ ಅದೇ ಗೇರು. ಹೊಸಬನಿಗೆ ಇದೊಂದು ಬೀಗದ ಗುಟ್ಟಿನ ಹಾಗೆ. ಮಾವ ಊಟ ಮಾಡಿ ಮಲಗಿದಾಗ ಗಾಡಿಯ ಪಕ್ಕ ಕೂತು, ಎಂಜಿನ್ ಹೊತ್ತಿಸದೆ ಆ ಲಿವರನ್ನು ಒತ್ತುವುದು, ಎತ್ತುವುದು, ಕೂರಿಸುವುದು. ಹತ್ತು ಸಲ, ಇಪ್ಪತ್ತು ಸಲ. ಕೈಗೆ ಗ್ರೀಸು ಮೆತ್ತಿಕೊಂಡರೆ ಒರೆಸಿಕೊಳ್ಳಲು ಚಡ್ಡಿ ಇದ್ದೇ ಇದೆ. ಗಾಡಿ ಓಡಿಸುವುದಕ್ಕೆ ವರ್ಷಗಳ ಮುಂಚೆಯೇ ಹುಡುಗರ ಕಾಲು ಆ ಲಿವರಿನ ಲಯ ಕಲಿತಿರುತ್ತಿತ್ತು.

ಪೆಟ್ರೋಲು ಹಾಕಿಸುವುದೂ ಒಂದು ಕಲಿಕೆ. ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಟು-ಟಿ ಆಯಿಲ್ ಬೆರೆಸಬೇಕು, ಅಳತೆ ತಪ್ಪುವಂತಿಲ್ಲ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಹೆಚ್ಚಾದರೆ ಪ್ಲಗ್ಗು ಕಪ್ಪಗಾಗಿ ಗಾಡಿ ಕೆಮ್ಮುತ್ತದೆ. ಬಂಕಿನಲ್ಲಿ ಆಯಿಲ್ ಸುರಿದ ಮೇಲೆ ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಬೆರೆಸುವುದನ್ನು ನೋಡಿ ಬೆಳೆದವರಿಗೆ ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಆಲೆಮನೆಯ ಬೆಲ್ಲದ ಪಾಕದ ವಾಸನೆಯ ಜೊತೆ ಟು-ಟಿ ಆಯಿಲ್ಲಿನ ಹೊಗೆ ಬೆರೆತರೆ ಅದೇ ಆ ಕಾಲದ ಪಾಂಡವಪುರದ ರಸ್ತೆ.

ಮುಂದಿನದು ಆ ಬೆಳಗು. ಮಾವ "ಡೇರಿಗೆ ಹಾಲು ಹಾಕ್ಬುಟ್ಟು ಬಾ, ಮೆಲ್ಲಗೆ ಹೋಗು" ಎಂದು ಕೀಲಿ ಕೊಟ್ಟಿರುತ್ತಾನೆ. ಹಾಲು ಹಾಕಿಯಾಗಿದೆ, ಕ್ಯಾನು ಖಾಲಿ, ರಸ್ತೆಯೂ ಖಾಲಿ. ಮೂರನೇ ಗೇರಿನಲ್ಲಿ ಅರವತ್ತು. ನಾಲ್ಕಕ್ಕೆ ಹಾಕಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಹೆಡ್‌ಲೈಟಿನ ತಲೆಯ ಮೇಲೆ ಕೂತ ಮೀಟರಿನಲ್ಲಿ ಮುಳ್ಳು ಎಪ್ಪತ್ತಕ್ಕೆ ಬರುತ್ತದೆ, ಎಂಬತ್ತರ ಬಳಿ ನಡುಗಲು ಶುರುವಾಗುತ್ತದೆ. ಅಲ್ಲಿಯವರೆಗೆ ಕೇಳುತ್ತಿದ್ದ ಸೈಲೆನ್ಸರಿನ ಸದ್ದು ಮೆಲ್ಲಗೆ ಹಿಂದೆ ಬೀಳುತ್ತದೆ. ಕಿವಿಯ ತುಂಬ ಗಾಳಿ. ಕಣ್ಣಿನಿಂದ ನೀರು ಕೆನ್ನೆಗೆ ಇಳಿಯದೆ ಅಡ್ಡಲಾಗಿ ಕಿವಿಯ ಕಡೆಗೆ ಹರಿಯುತ್ತದೆ. ಅಂಗಿ ಬೆನ್ನಿನ ಮೇಲೆ ಪಟಪಟ ಬಡಿಯುತ್ತದೆ. ಬದಿಯ ತೆಂಗಿನ ಮರಗಳು ಬಿಡಿಬಿಡಿಯಾಗಿ ಕಾಣುವುದು ನಿಂತು ಒಂದು ಗೋಡೆಯಾಗುತ್ತವೆ. ಹ್ಯಾಂಡಲ್ಲಿನ ನಡುಕ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ಏರುತ್ತದೆ. ತೊಂಬತ್ತು. ತೊಂಬತ್ತೈದು. ಆಮೇಲೆ ಮುಳ್ಳು ಏರಲು ಮನಸ್ಸು ಮಾಡುವುದಿಲ್ಲ.

ಕೊನೆಯ ಐದು ಕಿಲೋಮೀಟರ್ ವೇಗಕ್ಕೆ ಇಷ್ಟು ಹೊತ್ತು ಏಕೆ ಎಂಬುದಕ್ಕೆ ಉತ್ತರ ಗಾಳಿಯಲ್ಲಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಸೀಳಿ ಹೋಗಲು ಎಂಜಿನ್ನು ಒದಗಿಸಬೇಕಾದ ಶಕ್ತಿ ಎಂಟು ಪಟ್ಟು. ಐವತ್ತರಲ್ಲಿ ಹಗುರವಾಗಿ ಎಳೆದ ಗಾಡಿ ನೂರರ ಹತ್ತಿರ ಏದುಸಿರು ಬಿಡುವುದು ಇದಕ್ಕೆ. ಲೆಕ್ಕ ಗೊತ್ತಿಲ್ಲದ ಹುಡುಗರ ಮೈಗೆ ಇದು ತಾನಾಗಿ ತಿಳಿಯುತ್ತಿತ್ತು. ಎದೆಯನ್ನು ಟ್ಯಾಂಕಿಗೆ ಒತ್ತಿ, ಗದ್ದವನ್ನು ಮೀಟರಿನ ಮಟ್ಟಕ್ಕೆ ತಂದು, ಮೊಣಕೈಗಳನ್ನು ಒಳಕ್ಕೆ ಎಳೆದುಕೊಂಡರೆ ಮುಳ್ಳು ಮತ್ತೆ ಅಲುಗುತ್ತದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ರೋಲಿ ಫ್ರೀ ಎಂಬಾತ ಮಾಡಿದ್ದೂ ಇದನ್ನೇ. ಗಾಳಿಗೆ ಸಿಕ್ಕಿ ಪಟಪಟಿಸುವ ಬಟ್ಟೆಯನ್ನೂ ಬಿಚ್ಚಿಟ್ಟು, ಬರೀ ಈಜುಚಡ್ಡಿಯಲ್ಲಿ, ವಿನ್ಸೆಂಟ್ ಗಾಡಿಯ ಮೇಲೆ ಕಾಲು ಹಿಂದಕ್ಕೆ ಚಾಚಿ ಉದ್ದಕ್ಕೆ ಮಲಗಿ ಆತ ಗಂಟೆಗೆ 150 ಮೈಲಿ, ಅಂದರೆ 241 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟಿದ. ಆ ಚಿತ್ರ ಲೋಕಪ್ರಸಿದ್ಧ. ಚಿನಕುರಳಿಯ ಹುಡುಗ ಅದನ್ನು ನೋಡಿರಲಿಲ್ಲ. ಗಾಳಿ ಇಬ್ಬರಿಗೂ ಒಂದೇ ಪಾಠ ಹೇಳಿತ್ತು.

ಆ ನೂರು ನಿಜವಾದ ನೂರೇ ಎಂದು ಕೇಳುವವರೂ ಇದ್ದಾರೆ. ಮೀಟರುಗಳು ಸಾಮಾನ್ಯವಾಗಿ ಒಂದಿಷ್ಟು ಹೆಚ್ಚಾಗಿಯೇ ತೋರಿಸುತ್ತವೆ. ಇದ್ದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಸ್ವಲ್ಪ ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಮುಳ್ಳು ನೂರರ ಮೇಲಿದ್ದಾಗ ಚಕ್ರ ತೊಂಬತ್ತೆರಡರಲ್ಲೋ ತೊಂಬತ್ತೈದರಲ್ಲೋ ತಿರುಗುತ್ತಿದ್ದಿರಬಹುದು. ಈ ಮಾತನ್ನು ಹೋಟೆಲಿನ ಮುಂದೆ ಆಡಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವತ್ತು ಕಣ್ಣು ಕಂಡದ್ದು, ಕೈ ಅನುಭವಿಸಿದ್ದು ನೂರನ್ನೇ.

ನಂತರ ಬರುವುದು ಕಥೆಯ ತಿರುಳು. ಹುಡುಗ ಹೆದರಿ ಆಕ್ಸಿಲರೇಟರ್ ಬಿಡುತ್ತಾನೆ. ಗಾಡಿ ನಿಧಾನವಾಗುವುದಿಲ್ಲ.

ಟು-ಸ್ಟ್ರೋಕ್ ಗಾಡಿಯ ಗುಣವೇ ಅದು. ಇವತ್ತಿನ ಫೋರ್-ಸ್ಟ್ರೋಕ್ ಬೈಕಿನಲ್ಲಿ ಕೈ ಸಡಿಲಿಸಿದ ಕೂಡಲೇ ಎಂಜಿನ್ನು ಹಿಂದಕ್ಕೆ ಎಳೆದ ಹಾಗೆ ಹಿಡಿತ ಸಿಗುತ್ತದೆ. ಟು-ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರ ಕಡಿಮೆ. ಗಾಡಿ ದಾರ ಕಡಿದ ಗಾಳಿಪಟದ ಹಾಗೆ ತೇಲಿಕೊಂಡು ಹೋಗುತ್ತದೆ. ಅದರ ಮೇಲೆ ಇನ್ನೊಂದು ಅಪಾಯವಿದೆ. ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೂರ್ತಿ ವೇಗದಲ್ಲಿದ್ದಾಗ ಥಟ್ಟನೆ ಪೆಟ್ರೋಲು ನಿಲ್ಲಿಸಿದರೆ ಕಾದ ಪಿಸ್ಟನ್ನಿಗೆ ಎಣ್ಣೆಯೂ ನಿಂತಂತೆ. ಅನುಭವಸ್ಥರು ಮೇಲುಕೋಟೆಯ ಬೆಟ್ಟದಿಂದ ಜಕ್ಕನಹಳ್ಳಿ ಕಡೆಗೆ ಇಳಿಯುವಾಗ ನಡುನಡುವೆ ಆಕ್ಸಿಲರೇಟರನ್ನು ಒಂದೊಂದು ಸಲ ತಿರುಗಿಸುವುದು ಈ ಕಾರಣಕ್ಕೆ. ಮೊದಲ ಸಲದವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಉಳಿದಿರುವುದು ಎರಡು ಡ್ರಮ್ ಬ್ರೇಕು, ಎದುರಿಗೆ ಬರುತ್ತಿರುವ ತಿರುವು. ಹಿಂದಿನ ಬ್ರೇಕು ಒತ್ತಿದರೆ ಚಕ್ರ ಬಾಲದ ಹಾಗೆ ಆಡುತ್ತದೆ. ಮುಂದಿನದನ್ನು ಒತ್ತಲು ಧೈರ್ಯವಿಲ್ಲ. ಹೇಗೋ ಎಂಬತ್ತು, ಹೇಗೋ ಅರವತ್ತು, ಹೇಗೋ ಹುಣಿಸೇಮರ.

ಆ ಮರದ ಬುಡದಲ್ಲಿ ನಿಂತು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದಾಗ ಎಂಜಿನ್ನಿನ ರೆಕ್ಕೆಗಳು ಟಿಕ್ ಟಿಕ್ ಎಂದು ಆರುತ್ತಿರುತ್ತವೆ. ಕಾಲು ತನ್ನದಲ್ಲ ಎನಿಸುತ್ತದೆ. ಗದ್ದೆಯಲ್ಲಿ ಯಾರೋ ಎತ್ತಿಗೆ "ಹೋ" ಎನ್ನುತ್ತಿದ್ದಾರೆ; ಆ ದನಿ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂದರೆ ನಲವತ್ತು ವರ್ಷದ ಮೇಲೂ ಮರೆಯುವುದಿಲ್ಲ. ವೇಗದ ನೆನಪು ಎಂದು ಜನ ಕಾಪಾಡಿಕೊಂಡು ಬಂದಿರುವುದರ ಬಹುಭಾಗ ನಿಂತ ಮೇಲಿನ ಈ ಮೌನವೇ.

ನೆನಪು ಹೀಗೆ ಆಳಕ್ಕೆ ಇಳಿಯುವುದೇಕೆ ಎಂದು ವಿಜ್ಞಾನಿಗಳೂ ಹುಡುಕಿದ್ದಾರೆ. ಡೇವಿಡ್ ಈಗಲ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಬಲೆಯೊಳಕ್ಕೆ ಬೀಳಿಸಲಾಯಿತು. ಬಿದ್ದವರು ತಮ್ಮ ಬೀಳುವಿಕೆಗೆ ಹಿಡಿದ ಕಾಲವನ್ನು ಇತರರು ಬಿದ್ದದ್ದಕ್ಕಿಂತ ಸರಾಸರಿ ಶೇಕಡಾ 36ರಷ್ಟು ಹೆಚ್ಚೆಂದು ಅಂದಾಜಿಸಿದರು. ಆದರೆ ಬೀಳುವಾಗ ಅವರ ಕಣ್ಣು ಹೆಚ್ಚು ಚುರುಕಾಗಿ ಏನನ್ನೂ ಕಂಡಿರಲಿಲ್ಲ. ಭಯದ ಹೊತ್ತಿನಲ್ಲಿ ಕಾಲ ನಿಧಾನವಾಗುವುದಿಲ್ಲ. ಮೆದುಳು ಒತ್ತೊತ್ತಾಗಿ ನೆನಪು ತುಂಬಿಕೊಳ್ಳುವುದರಿಂದ ಆಮೇಲೆ ತಿರುಗಿ ನೋಡಿದಾಗ ಹೊತ್ತು ಉದ್ದವಾಗಿ ಕಾಣುತ್ತದೆ ಎಂಬುದು ಅವರ ವಿವರಣೆ. ಮೂರು ನಿಮಿಷದ ಸವಾರಿಯನ್ನು ಹೇಳಲು ಹೋಟೆಲಿನ ಮುಂದೆ ಅರ್ಧ ಗಂಟೆ ಹಿಡಿಯುವುದು ಇದರಿಂದಲೇ ಇರಬೇಕು.

ನೂರು ಎಲ್ಲರ ಪಾಲಿಗೂ ನೂರೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. 1980ರಲ್ಲಿ ಟಿ.ವಿ.ಎಸ್. 50 ಬಂದಾಗ ಅದು ಭಾರತದ ಮೊದಲ ಎರಡು ಸೀಟಿನ ಮೊಪೆಡ್. ಸೈಕಲ್ ತುಳಿದೇ ಬೆಳೆದವರಿಗೆ, ಅದರಲ್ಲೂ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ಟೀಚರಮ್ಮಂದಿರಿಗೆ, ಇಳಿಜಾರಿನಲ್ಲಿ ಆ ಮೊಪೆಡ್ಡು ಐವತ್ತು ಮುಟ್ಟಿದ್ದೇ ಜೀವಮಾನದ ವೇಗ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬ್ಯಾಗನ್ನು ಮುಂದಿಟ್ಟುಕೊಂಡು, ನಾಗಮಂಗಲದ ಏರುತಗ್ಗಿನಲ್ಲಿ ಹೋದ ಅವರ ಎದೆ ಬಡಿದ ಸದ್ದೂ ಈ ಲೆಕ್ಕಕ್ಕೆ ಸೇರಬೇಕು. ಆ ಕಥೆಗಳು ಹೋಟೆಲಿನ ಮುಂದೆ ಹೇಳಿದವಲ್ಲ, ಅಡುಗೆಮನೆಯಲ್ಲಿ ಹೇಳಿದವು. ಹಾಗಾಗಿ ಕೇಳಿದವರು ಕಡಿಮೆ.

1983ರಲ್ಲಿ ರಾಜದೂತ್ 350 ಬಂತು. ಯಮಹಾ ಕಂಪನಿಯ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ ಇಲ್ಲಿ ತಯಾರಿಸಿದ್ದು. ಎರಡು ಸಿಲಿಂಡರು, ಸುಮಾರು ಮೂವತ್ತು ಅಶ್ವಶಕ್ತಿ. ಜಾವಾ ಓಡಿಸಿದವರಿಗೆ ಅದು ಬೇರೆಯೇ ಲೋಕ. ಪೆಟ್ರೋಲು ಕುಡಿಯುವುದನ್ನು ನೋಡಿ ಸಾಕಲಾರದೆ ಬಹಳ ಜನ ಕೈಬಿಟ್ಟರು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಮಾತ್ರ ಹಳ್ಳಿಹಳ್ಳಿಗೂ ಹೊಕ್ಕಿತು. 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋ ಚಿಲ್ಲರೆ ತೂಕ. ಕ್ಲಚ್ಚು ಬಿಟ್ಟ ಕೂಡಲೇ "ಕಿತ್ಕೊಂಡು ಹೋಗ್ತದೆ" ಎಂಬ ಮಾತು ಹುಟ್ಟಿದ್ದು ಈ ಗಾಡಿಗೇ ಇರಬೇಕು ಎನಿಸುವಷ್ಟು ಅದಕ್ಕೆ ಹೊಂದುತ್ತದೆ. ಅದೇ ವರ್ಷ ಹೀರೋ ಹೋಂಡಾ ಸಿಡಿ 100 ಕೂಡ ಬಂತು. ಒಂದು ಮೈಲೇಜಿಗೆ, ಇನ್ನೊಂದು ಮೋಜಿಗೆ. ಅಪ್ಪ ಒಂದನ್ನು ಕೇಳಿದರೆ ಮಗ ಇನ್ನೊಂದನ್ನು ಕೇಳಿ ಎಷ್ಟು ಮನೆಗಳಲ್ಲಿ ಜಗಳವಾಯಿತೋ. 2001ರಲ್ಲಿ ಪಲ್ಸರ್, 2003ರಲ್ಲಿ ಕರಿಜ್ಮಾ, 2012ರಲ್ಲಿ ಕೆಟಿಎಂ ಡ್ಯೂಕ್ ಬರುವ ಹೊತ್ತಿಗೆ ನೂರು ಎಂಬುದು ಪಯಣದ ಕೊನೆಯಾಗಿ ಉಳಿಯದೆ ನಡುದಾರಿಯ ನಿಲ್ದಾಣವಾಯಿತು.

ಬೆಳ್ಳಿತೆರೆಯೂ ಸುಮ್ಮನಿರಲಿಲ್ಲ. 1976ರ 'ನಾ ನಿನ್ನ ಮರೆಯಲಾರೆ' ಚಿತ್ರದಲ್ಲಿ ರಾಜ್‌ಕುಮಾರ್ ಬೈಕ್ ರೇಸಿಗಿಳಿದದ್ದನ್ನು ಟೆಂಟಿನಲ್ಲಿ ನೋಡಿ ಬಂದ ಹುಡುಗರು ಮರುದಿನ ಬಾಡಿಗೆ ಸೈಕಲ್ಲಿನ ಮೇಲೇ ಟ್ಯಾಂಕಿಗೆ ಎದೆ ಒತ್ತಿದವರಂತೆ ಬಗ್ಗಿದ್ದರು.

ರೇಸಿನ ಟ್ರ್ಯಾಕಿಗೂ ಈ ರಸ್ತೆಗಳಿಗೂ ಇರುವ ವ್ಯತ್ಯಾಸ ಒಂದೇ: ಟ್ರ್ಯಾಕು ವೇಗಕ್ಕೆಂದೇ ಇದೆ, ಊರ ರಸ್ತೆ ಎಲ್ಲದಕ್ಕೂ ಇದೆ. ಕಬ್ಬಿನ ಕಾಲದಲ್ಲಿ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ಒಂದು ದೀಪವೂ ಇಲ್ಲದೆ ನಿಂತಿರುತ್ತವೆ. ಬೆಳಗಾದರೆ ಡೇರಿಗೆ ಹೋಗುವವರು, ಹುಲ್ಲಿನ ಹೊರೆ ಹೇರಿದ ಮೊಪೆಡ್ಡುಗಳು, ಕುರಿಮಂದೆ. 1981ರಲ್ಲಿ ನವಿಲುಧಾಮವಾದ ಆದಿಚುಂಚನಗಿರಿಯ ಸುತ್ತ ಹೆಣ್ಣು ನವಿಲು ಪೊದೆಯಿಂದ ತಲೆ ಹಾಕಿ, ಅತ್ತ ಇತ್ತ ನೋಡಿ, ರಸ್ತೆಗೆ ಇಳಿದುಬಿಡುತ್ತದೆ. ಅಮಾವಾಸ್ಯೆಯ ದಿನ ಅಲ್ಲಿನ ಕಾಲಭೈರವೇಶ್ವರನ ಪೂಜೆಗೆ ನಾಲ್ಕೂ ದಿಕ್ಕಿನಿಂದ ಜನ ಹೊರಡುತ್ತಾರೆ. ಒಂದು ಬೈಕಿನಲ್ಲಿ ಗಂಡ, ಹೆಂಡತಿ, ನಡುವೆ ಒಂದು, ಟ್ಯಾಂಕಿನ ಮೇಲೆ ಇನ್ನೊಂದು ಮಗು.

ಎಲ್ಲಕ್ಕಿಂತ ಹೆಚ್ಚಾಗಿ ಹುರುಳಿ. ಡಿಸೆಂಬರ್, ಜನವರಿ ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಕಿತ್ತ ಹುರುಳಿಯನ್ನು, ಕೊಯ್ದ ರಾಗಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣುಗಲ್ಲು ಹೊಡೆಯುವ ಕಾಲ ಬಹುಪಾಲು ಮುಗಿಯಿತು. ಎತ್ತಿಲ್ಲ, ಆಳಿಲ್ಲ, ಕಣಕ್ಕೆ ಜಾಗವಿಲ್ಲ. ಹೋಗಿಬರುವ ಬಸ್ಸು ಕಾರುಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಬೈಕಿನವನಿಗೆ ಅದು ಎಣ್ಣೆ ಹೊಯ್ದ ನೆಲ. ಒಣಗಿದ ಹುರುಳಿ ಬಳ್ಳಿಯ ಮೇಲೆ ಟೈರು ನೆಲವನ್ನು ಮುಟ್ಟುವುದೇ ಇಲ್ಲ. ಬ್ರೇಕು ಹಿಡಿದರೆ ಮುಂದಿನ ಚಕ್ರ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದಾರೆ. ರೈತರಿಗೂ ಬೇರೆ ದಾರಿ ಸುಲಭವಿಲ್ಲ. ವರ್ಷದ ಕಾಳು ಅಲ್ಲಿದೆ.

ನೂರರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು ಇಪ್ಪತ್ತೆಂಟು ಮೀಟರ್ ದಾಟುತ್ತದೆ. ಕಣ್ಣು ಒಂದು ಸಲ ಮಿಟುಕುವುದರಲ್ಲಿ ಏಳೆಂಟು ಮೀಟರ್. ಎದುರಿಗೆ ಏನೋ ಇದೆ ಎಂದು ತಿಳಿದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ, ಒಳ್ಳೆಯ ಬ್ರೇಕು, ಒಣ ಡಾಂಬರು ಎರಡೂ ಇದ್ದರೂ ನಿಲ್ಲುವಷ್ಟರಲ್ಲಿ ಎಂಬತ್ತು ಮೀಟರಿಗೂ ಹೆಚ್ಚು ಕಳೆದಿರುತ್ತದೆ. ಐವತ್ತರಲ್ಲಿದ್ದವನಿಗೆ ಬೇಕಾಗುವುದು ಅದರ ಮೂರನೇ ಒಂದು ಭಾಗದಷ್ಟೇ. 2018ರ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ಬೈಕಿಗೆ ಚತುಷ್ಪಥದಲ್ಲಿ ಗರಿಷ್ಠ 80, ಉಳಿದ ರಸ್ತೆಗಳಲ್ಲಿ 60 ಕಿಲೋಮೀಟರ್ ವೇಗ. ಹೋಟೆಲಿನ ಮುಂದೆ ಹೇಳುವ ಪ್ರತಿಯೊಂದು ನೂರೂ ಇವತ್ತಿನ ಕಾನೂನಿನ ಆಚೆಯದು. ಹೇಳುವವರಿಗೂ ಅದು ಗೊತ್ತು. ಆ ಕಥೆಗಳ ನಡುವೆ ಒಮ್ಮೊಮ್ಮೆ ಒಂದು ಹೆಸರು ಬಂದು ಎಲ್ಲರೂ ಸುಮ್ಮನಾಗುತ್ತಾರೆ. ಅದೇ ರಸ್ತೆಯಲ್ಲಿ, ಅಂಥದೇ ಬೆಳಗಿನಲ್ಲಿ, ಮರದ ಬುಡದವರೆಗೆ ಬರದೆ ಹೋದವನ ಹೆಸರು.

ವೇಗವನ್ನು ಪ್ರೀತಿಸಿದವರಲ್ಲಿ ಜಗತ್ತೇ ಬಲ್ಲ ಒಬ್ಬ ಟಿ.ಇ. ಲಾರೆನ್ಸ್. ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಹೋರಾಡಿ ಹೆಸರಾದವನು. ಬ್ರೋ ಸುಪೀರಿಯರ್ ಎಂಬ ದುಬಾರಿ ಗಾಡಿಗಳನ್ನು ಒಂದಾದ ಮೇಲೊಂದು ಇಟ್ಟುಕೊಂಡಿದ್ದ. ವಿಮಾನದ ಜೊತೆ ಪಂದ್ಯ ಕಟ್ಟಿದಂತೆ ರಸ್ತೆಯಲ್ಲಿ ಓಡಿಸಿದ ಸವಾರಿಯ ನೆನಪನ್ನು ಬರೆದೂ ಇಟ್ಟ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನ ಹಳ್ಳಿರಸ್ತೆಯಲ್ಲಿ, ತಗ್ಗಿನಲ್ಲಿ ಮರೆಯಾಗಿದ್ದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಗಿ ಆರು ದಿನದ ಮೇಲೆ ತೀರಿಕೊಂಡ. ಆತನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞರೊಬ್ಬರು. ಆ ಸಾವು ಅವರ ಮನಸ್ಸಿನಲ್ಲಿ ಉಳಿಯಿತು. ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಅದು ಕಡ್ಡಾಯವಾಗಿದೆ. ಬಿಸಿಲಿಗೆ ತಲೆ ಬೇಯುತ್ತದೆ ಎಂದು ಹ್ಯಾಂಡಲ್ಲಿಗೆ ಹೆಲ್ಮೆಟ್ ನೇತುಹಾಕಿ ಟವಲ್ ಸುತ್ತಿಕೊಂಡು ಹೋಗುವವರು ನಮ್ಮ ರಸ್ತೆಗಳಲ್ಲಿ ಇನ್ನೂ ಇದ್ದಾರೆ. ಆ ಟೋಪಿಯ ಹಿಂದೆ ಒಬ್ಬ ಸವಾರನ ಆರು ದಿನದ ಮಂಪರು ಇದೆ ಎಂಬುದು ಅವರಿಗೆ ತಿಳಿದರೆ ಒಳ್ಳೆಯದು.

ವೇಗವನ್ನು ಅದರ ಜಾಗಕ್ಕೆ ಕರೆದೊಯ್ದ ಕನ್ನಡ ನಾಡಿನವರೂ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಆ ರ್‍ಯಾಲಿಯ ಕೊನೆ ಮುಟ್ಟಿದ ಮೊದಲ ಭಾರತೀಯ ಅವರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿಯನ್ನು 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ರ್‍ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡು, ಚೇತರಿಸಿಕೊಂಡು, ಮರುವರ್ಷ ಬಾಜಾ ವಿಶ್ವಕಪ್‌ನ ಮಹಿಳೆಯರ ವಿಭಾಗವನ್ನು ಗೆದ್ದರು. ಸಂತೋಷ್ 2021ರಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ಕೋಮಾದವರೆಗೆ ಹೋಗಿ ಬಂದರು. ದಿನಗಟ್ಟಲೆ ಅಭ್ಯಾಸ, ಮೈತುಂಬ ರಕ್ಷಾಕವಚ, ಬಿದ್ದರೆ ಬರಲು ಹೆಲಿಕಾಪ್ಟರು ಇದ್ದವರ ಪಾಡು ಇದು. ಡೇರಿಗೆ ಹಾಲು ಹಾಕಲು ಹೋದ ಹುಡುಗನಿಗೆ ಇದ್ದದ್ದು ಒಂದು ಖಾಲಿ ಕ್ಯಾನು, ಕಾಲಿಗೆ ಹವಾಯಿ ಚಪ್ಪಲಿ.

ಇವತ್ತು ಈ ಸೀಮೆಯ ಅತಿ ವೇಗದ ರಸ್ತೆ ಶ್ರೀರಂಗಪಟ್ಟಣದ ಪಕ್ಕದಲ್ಲೇ ಹಾದುಹೋಗಿದೆ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ. ಆರಂಭದ ತಿಂಗಳುಗಳಲ್ಲಿ ಬೈಕಿನವರೂ ಅದರ ಮೇಲೆ ಹೋದರು. ಅಪಘಾತಗಳು ಹೆಚ್ಚಿ, ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಕೆಟಿಎಂ ಹುಡುಗನೂ, ಹುಲ್ಲಿನ ಹೊರೆಯ ಮೊಪೆಡ್ಡೂ, ಎಪ್ಪತ್ತರ ಯೆಜ್ಡಿಯೂ ಈಗ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಟ್ಟಿಗೇ ಹೋಗಬೇಕು. ಬೇಲಿಯ ಆಚೆ ಕಾರುಗಳು ಸುಯ್ಯೆಂದು ಹೋಗುತ್ತಿರುತ್ತವೆ.

ಹಳೆಯ ಯೆಜ್ಡಿಗಳು ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ–ಯೆಜ್ಡಿ ದಿನವೆಂದು ಅವುಗಳನ್ನು ತೊಳೆದು ಒರೆಸಿ ಸಾಲಾಗಿ ಹೊರಡಿಸುವವರಿದ್ದಾರೆ. ಇನ್ನು ಕೆಲವರಿಗೆ ಆ ದಿನ ಬೇಕಿಲ್ಲ. ಅವರು ಅದರಲ್ಲೇ ಸಂತೆಗೆ ಹೋಗುತ್ತಾರೆ, ಅದರಲ್ಲೇ ಅಮಾವಾಸ್ಯೆಗೆ ಚುಂಚನಗಿರಿಗೆ ಬರುತ್ತಾರೆ. ಮಾವ ತೀರಿಕೊಂಡ ಮೇಲೆ ಗಾಡಿ ಅಳಿಯನ ಪಾಲಿಗೆ ಬಂದಿದೆ. ರಸ್ತೆ ಅಗಲವಾದಾಗ ಹುಣಿಸೇಮರ ಹೋಯಿತು, ಮೀಟರಿನ ಮುಳ್ಳು ಕೆಟ್ಟು ಸೊನ್ನೆಯಲ್ಲೇ ನಿಂತಿದೆ. ನಲವತ್ತೋ ಐವತ್ತೋ ಎಂಬುದನ್ನು ಸೈಲೆನ್ಸರಿನ ಸದ್ದಿನಲ್ಲೇ ಅಳೆಯುತ್ತಾರೆ.

ಜನವರಿಯ ಬೆಳಗು. ತಿರುವಿನ ಆಚೆ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿದೆ. ದೂರದಲ್ಲೇ ಕೈ ಸಡಿಲಿಸಿ, ಮೂರು, ಎರಡು ಎಂದು ಗೇರು ಇಳಿಸಿ, ಹಾಸಿನ ಅಂಚಿಗೆ ಬಂದು ಕಾಲೂರಿ ನಿಲ್ಲುತ್ತಾರೆ. ಮೊರ ಹಿಡಿದ ಹೆಂಗಸು ತಲೆಯೆತ್ತಿ ನೋಡಿ, "ಬಾ ಅಣ್ಣ, ಈ ಕಡೆಯಿಂದ ಬಾ" ಎಂದು ಕೋಲಿನಿಂದ ಬಳ್ಳಿಯನ್ನು ಒಂದಷ್ಟು ಸರಿಸಿ ದಾರಿ ಮಾಡಿಕೊಡುತ್ತಾಳೆ. ಅವರು ಎಂಜಿನ್ ಆರಿಸಿ, ಗಾಡಿಯಿಂದ ಇಳಿದು, ಹ್ಯಾಂಡಲ್ ಹಿಡಿದು ನಡೆಸಿಕೊಂಡೇ ದಾಟುತ್ತಾರೆ. ಆಚೆ ಹೋಗಿ ಎಡಗಾಲಿನ ಲಿವರನ್ನು ಒಳಕ್ಕೆ ಒತ್ತಿ, ಹಿಂದಕ್ಕೆ ಎತ್ತಿ, ಒಂದೇ ಒದೆತ. ನೀಲಿ ಹೊಗೆ ಹುರುಳಿಯ ಧೂಳಿನ ಜೊತೆ ಬೆರೆತು ಸ್ವಲ್ಪ ಹೊತ್ತು ರಸ್ತೆಯ ಮೇಲೆ ನಿಂತಿರುತ್ತದೆ.